ಖಾಯಂ ಗಿರಾಕಿಯನ್ನು ಕಳೆದುಕೊಳ್ಳಬೇಡಿ



ಗರಗ ಎಂದೊಡನೆ ನಮ್ಮ ಭಾಗದವರಿಗೆ ಮಡಿವಾಳೇಶ್ವರರ ಮಠ ನೆನಪಾಗುತ್ತದೆ. ಹೊರಗಿನವರಿಗೆ ನೆನಪಾಗುವುದು ರಾಷ್ಟ್ರಧ್ವಜದ ಖಾದಿ. 1950ರ ದಶಕದಲ್ಲಿ ಆರಂಭವಾದ ಗರಗ ಕ್ಷೇತ್ರೀಯ ಸೇವಾ ಸಂಘದ ನೂಲುವವರು, ನೇಯುವವರು ಈ ಬಟ್ಟೆಗೆ ಹೆಸರು ತಂದರು. ಇವರಲ್ಲಿ ಹೆಚ್ಚಿನವರು ನಮ್ಮ ರೈತ ಮನೆತನಗಳ ಹೆಣ್ಣುಮಕ್ಕಳು. ಧ್ವಜದ ಬಟ್ಟೆ ನೇಯುವುದು ಅಂಗಿಯ ಬಟ್ಟೆ ನೇಯ್ದಷ್ಟು ಸುಲಭವಲ್ಲ. ನೂಲಿನ ಎಳೆ, ಬಣ್ಣ, ಹೊಲಿಗೆ ಎಲ್ಲಕ್ಕೂ ಭಾರತೀಯ ಮಾನಕ ಸಂಸ್ಥೆಯ ನಿಯಮವಿದೆ. ಆರು ಇಂಚು ಉದ್ದದ ಮೇಜಿನ ಧ್ವಜವಿರಲಿ, 21 ಅಡಿ ಉದ್ದದ ದೊಡ್ಡ ಧ್ವಜವಿರಲಿ, ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು ಇರಲೇಬೇಕು. ತಪ್ಪಿದರೆ ಮಾಲು ತಿರಸ್ಕೃತ.

ಇಷ್ಟು ಕಟ್ಟುನಿಟ್ಟಾಗಿ ದುಡಿದವರಿಗೆ ಗಿರಾಕಿಯ ಚಿಂತೆ ಇರಬಾರದಲ್ಲವೇ? ಬಹುಕಾಲ ಇರಲೂ ಇಲ್ಲ. ಧ್ವಜಕ್ಕೆ ಕೈನೂಲಿನ, ಕೈನೇಯ್ಗೆಯ ಬಟ್ಟೆಯೇ ಆಗಬೇಕೆಂಬ ನಿಯಮವೇ ಅವರ ಬೆನ್ನಿಗಿತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ದೊರೆಯಿತು. ಮರುವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವದಲ್ಲಿ ಮನೆಮನೆಗೂ ಧ್ವಜ ಬೇಕಾಯಿತು. ಪೇಟೆಯಲ್ಲಿ ಪಾಲಿಯೆಸ್ಟರ್ ಧ್ವಜಗಳು ತುಂಬಿಕೊಂಡವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಿಸುವ ಖಾದಿ ಸಂಘದವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು.

ಆ ತಿದ್ದುಪಡಿ ಖಾದಿಯವರಿಗೆ ಅನ್ಯಾಯ ಮಾಡಿತೆಂದೇ ನನ್ನ ಅಭಿಪ್ರಾಯ. ಆದರೆ ಒಕ್ಕಲುತನ ಮಾಡುವ ನಾವು ಇದರಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬೇರೆ ದಾರಿ ಇಲ್ಲದೆ ನಮ್ಮಲ್ಲಿಗೆ ಬರುವವನು ಖಾಯಂ ಗಿರಾಕಿಯಲ್ಲ. ಪಕ್ಕದಲ್ಲಿ ಅಗ್ಗದ ಮಾಲು ಇದ್ದರೂ ಇಂದಿಗೂ ಖಾದಿಯ ಧ್ವಜವನ್ನೇ ಕೇಳಿ ಕೊಳ್ಳುವ ಶಾಲೆ, ಕಚೇರಿ, ಮನೆಗಳಿವೆಯಲ್ಲ, ಅವರೇ ನಿಜವಾದ ಖಾಯಂ ಗಿರಾಕಿಗಳು.

ಧಾರವಾಡದ ಪೇಢೆಯನ್ನೇ ನೋಡಿರಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಪೇಢೆ ಮಾಡತೊಡಗಿ ನೂರು ವರ್ಷಕ್ಕೂ ಮೇಲಾಯಿತು. ಲೈನ್ ಬಜಾರಿನ ಅವರ ಅಂಗಡಿಯ ಮುಂದೆ ಜನ ಪಾಳಿ ಹಚ್ಚಿ ನಿಲ್ಲುವುದು ಯಾವ ನಿಯಮಕ್ಕೂ ಅಂಜಿ ಅಲ್ಲ. ಅಜ್ಜ ತಿಂದ ರುಚಿಯೇ ಮೊಮ್ಮಗನಿಗೂ ಸಿಗುತ್ತದೆಂಬ ನಂಬಿಗೆ ಅವರನ್ನು ನಿಲ್ಲಿಸುತ್ತದೆ. ಆ ರುಚಿಯ ಬೇರು ಇರುವುದು ನಮ್ಮ ಹಟ್ಟಿಯ ಹಾಲಿನಲ್ಲಿ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ! 2021ರಲ್ಲಿ ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿಯೆಂಬ ಮನ್ನಣೆ ದೊರೆತದ್ದು ಸಂತೋಷದ ವಿಷಯ.

ಈಗ ನಮ್ಮ ಕಡೆಗೆ ಬರೋಣ. ಪೇಟೆಯ ಖಾನಾವಳಿಗೆ ದಿನಾಲೂ ಬದನೆ, ಬೆಂಡೆ ಕೊಡುವ ರೈತನೊಬ್ಬ ಇದ್ದಾನೆಂದು ಇಟ್ಟುಕೊಳ್ಳಿ. ಆಷಾಢದಲ್ಲಿ ಧಾರಣೆ ಬಿದ್ದಾಗಲೂ ಖಾನಾವಳಿಯವರು ಮಾತು ಕೊಟ್ಟ ದರವನ್ನೇ ಕೊಟ್ಟರು. ದೀಪಾವಳಿಗೆ ಧಾರಣೆ ಏರಿತು. ನಮ್ಮವನು ಮಾಲನ್ನೆಲ್ಲ ಮಾರುಕಟ್ಟೆಗೆ ಹೇರಿದ. ಆ ವಾರ ನಾಲ್ಕು ಕಾಸು ಹೆಚ್ಚು ಬಂದದ್ದು ಹೌದು. ಮುಂದಿನ ಆಷಾಢದಲ್ಲಿ ಯಾವ ಮುಖ ಹೊತ್ತು ಆ ಬಾಗಿಲಿಗೆ ಹೋಗುವುದು? ಗಿರಾಕಿ ನಿಯತ್ತಾಗಿರಬೇಕೆಂದು ಬಯಸುವ ನಾವು ಅವನಿಗೆ ನಿಯತ್ತಾಗಿ ಇದ್ದೇವೆಯೇ?

ಬುಟ್ಟಿಯ ಮೇಲೆ ದಪ್ಪ ಟೊಮೆಟೊ, ಕೆಳಗೆ ಗೋಲಿ ಗಾತ್ರದವು. ತೂಕ ಬರಲೆಂದು ಮೆಣಸಿನಕಾಯಿಗೆ ನೀರು ಸಿಂಪಡಿಸುವುದು. ಬ್ಯಾಡಗಿ ಎಂದು ಹೇಳಿ ಬೇರೆ ಜಾತಿಯ ಕಾಯಿ ಬೆರೆಸುವುದು. ಇವೆಲ್ಲ ನಮ್ಮಲ್ಲಿ ನಡೆಯುತ್ತಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೆ? ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಅದರ ಕಡುಗೆಂಪು ಬಣ್ಣಕ್ಕೆ, ಕಡಿಮೆ ಖಾರಕ್ಕೆ. ನೀರು ತಗುಲಿದ ಕಾಯಿಗೆ ಬೂಸ್ಟು ಹಿಡಿದು ಬಣ್ಣ ಕೆಡುತ್ತದೆ. ಒಮ್ಮೆ ಮೋಸ ಹೋದ ಕೊಳ್ಳುವವನು ಊರಿನ ಹೆಸರನ್ನೇ ಕೆಡಿಸುತ್ತಾನೆ. ನೆರೆಯ ಪ್ರಾಮಾಣಿಕ ರೈತನಿಗೂ ಪೆಟ್ಟು.

ಕೈಹಿಡಿದ ಗಿರಾಕಿ ಒಬ್ಬನೇ ಇದ್ದರೆ ಅದೂ ಅಪಾಯವೇ. ಗರಗದವರಿಗೆ ಆದದ್ದೂ ಹೆಚ್ಚುಕಡಿಮೆ ಇದೇ. ಆದ್ದರಿಂದ ಹಾಲಿರಲಿ, ತರಕಾರಿ ಇರಲಿ, ಬೆಲ್ಲವಿರಲಿ, ಒಂದು ಭಾಗವನ್ನು ಮನೆಗಳಿಗೆ, ಒಂದು ಭಾಗವನ್ನು ಅಂಗಡಿಗೆ ಕೊಡಿರಿ. ಉಳಿದದ್ದು ಮಾರುಕಟ್ಟೆಗೆ ಹೋಗಲಿ. ಬೆಳೆ ಕಡಿಮೆ ಬಂದ ವರ್ಷ ಮೊದಲೇ ತಿಳಿಸಿಬಿಡಿ. ಗಿರಾಕಿ ಸಿಟ್ಟಾಗುವುದು ಮಾಲು ಇಲ್ಲದ್ದಕ್ಕಲ್ಲ, ದಾರಿ ಕಾಯಿಸಿದ್ದಕ್ಕೆ.

ಇನ್ನು ಉದ್ರಿಯ ಮಾತು. ಖಾಯಂ ಗಿರಾಕಿ ಎಂದು ಲೆಕ್ಕ ಬರೆಯದೆ ಬಿಟ್ಟರೆ ಆರು ತಿಂಗಳಲ್ಲಿ ಗಿರಾಕಿಯೂ ಇಲ್ಲ, ರೊಕ್ಕವೂ ಇಲ್ಲ. ಒಂದು ವಹಿ ಇಡಿರಿ, ತಿಂಗಳ ಮೊದಲ ವಾರದಲ್ಲಿ ಬಾಕಿ ಚುಕ್ತಾ ಮಾಡಿಸಿಕೊಳ್ಳಿರಿ. ಕೇಳಲು ಸಂಕೋಚವಾದರೆ ಮನೆಯ ಹೆಣ್ಣುಮಕ್ಕಳ ಕೈಗೆ ವಹಿ ಕೊಡಿ. ವಸೂಲಿಯಲ್ಲಿ ಅವರು ನಮಗಿಂತ ಗಟ್ಟಿ.