ನೀರು ಕುಡಿದು ಓಡುವ ರೈಲು

ಮಕ್ಕಳೇ, ಇಂಜಿನ್ ಇಲ್ಲದೆ ರೈಲು ಬೆಟ್ಟ ಹತ್ತೀತೇ? ಹತ್ತುತ್ತದೆ! ಇಂಗ್ಲೆಂಡಿನ ಡೆವನ್ ಪ್ರಾಂತದ ಕಡಲ ತೀರದಲ್ಲಿ ಲಿನ್‌ಮತ್ ಎಂಬ ಪುಟ್ಟ ಊರಿದೆ. ಅದರ ನೆತ್ತಿಯ ಮೇಲೆ, ಸುಮಾರು 500 ಅಡಿ ಎತ್ತರದಲ್ಲಿ, ಲಿಂಟನ್ ಊರು. ಮೊದಲು ಕಡಿದಾದ ದಾರಿ ಹತ್ತುವಷ್ಟರಲ್ಲಿ ಕುದುರೆಗಳೂ ಏದುಸಿರು ಬಿಡುತ್ತಿದ್ದವು. 1890ರಲ್ಲಿ ಈ ರೈಲು ಬಂತು. ಇಂದಿಗೂ ಪ್ರವಾಸಿಗರು ಅದರಲ್ಲೇ ಓಡಾಡುತ್ತಾರೆ.

ಉಕ್ಕಿನ ಹಗ್ಗಕ್ಕೆ ಕಟ್ಟಿದ ಎರಡು ಬೋಗಿಗಳು. ಒಂದು ಮೇಲೆ, ಒಂದು ಕೆಳಗೆ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ! ಪ್ರತಿ ಬೋಗಿಗೂ 700 ಗ್ಯಾಲನ್ ಹಿಡಿಯುವ ನೀರಿನ ತೊಟ್ಟಿ ಇದೆ. ಮೇಲಿನ ಬೋಗಿಗೆ ಹೊಳೆಯ ನೀರು ತುಂಬುತ್ತಾರೆ. ಕೆಳಗಿನ ಬೋಗಿಯಿಂದ ನೀರು ಬಿಡುತ್ತಾರೆ. ಭಾರವಾದದ್ದು ಇಳಿಯುತ್ತಾ ಹಗುರಾದದ್ದನ್ನು ಏರಿಸುತ್ತದೆ. ನನ್ನ ಬ್ಯಾಂಕಿನ ಲೆಡ್ಜರಿನಂತೆ, ಈ ಕಡೆ ಖರ್ಚು, ಆ ಕಡೆ ಜಮಾ.

ಆದರೆ ನೀರಿನೊಡನೆ ಸಲುಗೆ ಸಲ್ಲದು. 1952ರ ಆಗಸ್ಟಿನಲ್ಲಿ ಭಾರಿ ಮಳೆಗೆ ಲಿನ್ ಹೊಳೆಗಳು ಉಕ್ಕಿ, ಲಿನ್‌ಮತ್ ಸುತ್ತಮುತ್ತ 34 ಜನ ತೀರಿಕೊಂಡರು. ಊರನ್ನು ಮತ್ತೆ ಕಟ್ಟಿದರು. ರೈಲು ಈಗಲೂ ಹೊಳೆಯ ನೀರಿನಿಂದಲೇ ಓಡುತ್ತಿದೆ.

ಇದನ್ನೆಲ್ಲ ಹೇಳಿದಾಗ ಮೊಮ್ಮಗಳು ಕೇಳಿದಳು: "ತಾತ, ಇಳಿಯೋ ಬೋಗಿಗೆ ಬೇಜಾರಾಗಲ್ವಾ?"

"ಯಾಕಮ್ಮಾ? ಅದು ಇಳಿದರೆ ತಾನೇ ಇನ್ನೊಂದು ಏರೋದು!" ಎಂದೆ. ಮೊಣಕಾಲು ನೋವಿನ ನನಗೂ ಆ ಮಾತು ಹಿತವೆನಿಸಿತು.

ಈ ಭಾನುವಾರ ಒಂದು ರಾಟೆ, ದಾರ, ಎರಡು ನೀರಿನ ಬಾಟಲಿ ತೆಗೆದುಕೊಂಡು ನೀವೂ ಮಾಡಿ ನೋಡಿ. ಅಜ್ಜ ಅಜ್ಜಿಯರನ್ನೂ ಕರೆಯಿರಿ.