ಚಂದ್ರನ ಮೇಲೆ ಇಳಿಯದವನು

1969ರ ಜುಲೈನಲ್ಲಿ ಚಂದ್ರನ ಮೇಲೆ ಕಾಲಿಟ್ಟ ಇಬ್ಬರ ಹೆಸರು ನಮಗೆಲ್ಲ ಬಾಯಿಪಾಠ. ಅವರೊಡನೆ ಹೋಗಿಯೂ ಇಳಿಯದ ಮೈಕೇಲ್ ಕಾಲಿನ್ಸನನ್ನು ನೆನೆಯುವವರು ಎಷ್ಟು ಮಂದಿ?

ಆತ ಅಮೆರಿಕದ ವಾಯುಸೇನೆಯಲ್ಲಿ ಯುದ್ಧವಿಮಾನ ನಡೆಸಿ, ಹೊಸ ವಿಮಾನಗಳ ಪರೀಕ್ಷಕನಾಗಿ ನುರಿತವನು. 1962ರ ಗಗನಯಾತ್ರಿಗಳ ಆಯ್ಕೆಯಲ್ಲಿ ತಿರಸ್ಕೃತನಾದರೂ ಎದೆಗುಂದದೆ ಮರುವರ್ಷ ಆಯ್ಕೆಯಾದನು. 1966ರಲ್ಲಿ ಜೆಮಿನಿ-10ರಿಂದ ಹೊರಬಂದು ಅಂತರಿಕ್ಷದಲ್ಲಿ ತೇಲಿದನು. ಇಂಥವನ ಪಾಲಿಗೆ ಚಂದ್ರನ ಬಳಿ ಬಂದದ್ದು ಕಾಯುವ ಕೆಲಸ. ಪ್ರತಿ ಸುತ್ತಿನಲ್ಲಿಯೂ ಚಂದ್ರನ ಮರೆಯಲ್ಲಿ ಮುಕ್ಕಾಲು ಗಂಟೆ ಭೂಮಿಯ ದನಿಯೂ ಇಲ್ಲ. ಇಳಿದವರ ನೌಕೆ ಮೇಲೇಳದಿದ್ದರೆ ಒಬ್ಬನೇ ಮರಳಬೇಕೆಂಬ ಅಳುಕು ಬೇರೆ. ಆದರೂ ಅಲುಗದೆ ಕಾದು, ಇಬ್ಬರನ್ನೂ ಕರೆತಂದನು.

ಗೆದ್ದವರಿಗೆ ಹಾರ ಹಾಕುವುದು ಸರಿಯೇ. ಆದರೆ ಅವರು ಹಿಂದಿರುಗುವ ದಾರಿಯನ್ನು ಕಾದವನಿಗೆ ಅದರ ಒಂದು ಹೂವಾದರೂ ಸಲ್ಲಬೇಡವೇ?