ಮತ್ತೆ ಕೆಲಸ ಸಿಕ್ತು, ಮುಂದೇನು?

‘ಕೆಲಸ ಸಿಕ್ತಂತೆ, ಹೌದಾ? ಒಳ್ಳೇದಾಯ್ತು ಬಿಡಿ!’ ಅಂತ ಎಲ್ಲರೂ ಹೇಳುತ್ತಾರೆ. ವರ್ಷ, ಒಂದೂವರೆ ವರ್ಷ ಮನೆಯಲ್ಲಿದ್ದು, ಗೊತ್ತಿದ್ದವರಿಗೆಲ್ಲ ಬಯೋಡೇಟಾ ಕೊಟ್ಟು, ಇಂಟರ್‌ವ್ಯೂ ಅಂತ ಅಲೆದು ಚಪ್ಪಲಿ ಸವೆದ ಮೇಲೆ ಕೊನೆಗೂ ಒಂದು ಕಡೆ ‘ಸೋಮವಾರದಿಂದ ಬನ್ನಿ’ ಅಂದಿದ್ದಾರೆ. ದೇವರಿಗೆ ತುಪ್ಪದ ದೀಪವನ್ನೂ ಹಚ್ಚಿ ಆಯಿತು. ಆದರೆ ಭಾನುವಾರ ರಾತ್ರಿ ಮಾತ್ರ ನಿದ್ದೆ ಹತ್ತುತ್ತಿಲ್ಲ. ಯಾಕೆ ಹೇಳಿ?

ಕೆಲಸ ಹುಡುಕುವುದು ಹೇಗೆ, ಇಂಟರ್‌ವ್ಯೂಗೆ ಯಾವ ಸೀರೆ ಉಡಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೆಲಸ ಸಿಕ್ಕ ಮೇಲಿನ ಮೊದಲ ಮೂರು ತಿಂಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ನಾನು ಸುತ್ತಮುತ್ತ ಕಂಡ ಹಾಗೆ, ಹೆಣ್ಣುಮಕ್ಕಳು ಕಷ್ಟಪಟ್ಟು ಗಿಟ್ಟಿಸಿಕೊಂಡ ಕೆಲಸವನ್ನು ಬಿಡುವುದು ಈ ಮೂರು ತಿಂಗಳಲ್ಲೇ. ಬಿಟ್ಟ ಮೇಲೆ ‘ನಂಗೇ ಆಗಲಿಲ್ಲ ಕಣ್ರೀ’ ಅಂತ ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ.

ಈಗಿನ ಸುದ್ದಿಯನ್ನೇ ನೋಡಿ. ದುಡಿಯುವ ಮಹಿಳೆಯರ ಸಂಖ್ಯೆ ಏರಿದೆ ಎಂದು ಸರ್ಕಾರ ಹೆಮ್ಮೆಯಿಂದ ಹೇಳುತ್ತಿದೆ. ಸುಳ್ಳೇನಲ್ಲ. ಕೇಂದ್ರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2017–18ರಲ್ಲಿ 15 ವರ್ಷ ಮೇಲ್ಪಟ್ಟ ನೂರು ಮಹಿಳೆಯರಲ್ಲಿ 23 ಜನ ಕೆಲಸದಲ್ಲಿದ್ದರು ಅಥವಾ ಕೆಲಸ ಹುಡುಕುತ್ತಿದ್ದರು. 2023–24ಕ್ಕೆ ಅದು ಹತ್ತಿರ ಹತ್ತಿರ 42 ಆಯಿತು. ಓದಿದರೆ ಖುಷಿಯಾಗುತ್ತದೆ. ಆದರೆ ಅದೇ ಸಮೀಕ್ಷೆಯ ಒಳಗೆ ಇನ್ನೊಂದು ಲೆಕ್ಕ ಇದೆ. ದುಡಿಯುವ ಮಹಿಳೆಯರಲ್ಲಿ ತಿಂಗಳ ಸಂಬಳದ ಕೆಲಸದಲ್ಲಿರುವವರ ಪಾಲು ಈ ಅವಧಿಯಲ್ಲಿ ಶೇ 21ರಿಂದ 16ರ ಆಸುಪಾಸಿಗೆ ಇಳಿದಿದೆ. ಏರಿದ್ದು ಸ್ವಂತ ದುಡಿಮೆ. ಹೊಲ, ಅಂಗಡಿ, ಮನೆಯ ಕಸುಬು, ಅದರಲ್ಲೂ ಸಂಬಳವಿಲ್ಲದೆ ಮನೆಯವರಿಗೆ ಕೈಜೋಡಿಸುವ ದುಡಿಮೆ. ಅಂದರೆ ಸಂಬಳದ ಕೆಲಸ ಒಮ್ಮೆ ಕೈತಪ್ಪಿದರೆ ಮತ್ತೆ ಸಿಗುವುದು ಎಷ್ಟು ದುಸ್ತರ ಅಂತ ನೀವೇ ಯೋಚಿಸಿ. ಸಿಕ್ಕಿದ್ದನ್ನು ಉಳಿಸಿಕೊಳ್ಳುವ ವಿಚಾರ ಇಷ್ಟು ಮುಖ್ಯವಾಗುವುದೂ ಅದಕ್ಕೇ.

ಇನ್ನೊಂದು ತಮಾಷೆ ಇದೆ. ಗಂಡಸಿಗೆ ಕೆಲಸ ಹೋದರೆ ಅವನು ‘ನಿರುದ್ಯೋಗಿ’. ಹೆಂಗಸಿಗೆ ಕೆಲಸ ಹೋದರೆ ‘ಈಗ ಮನೇಲೇ ಇದ್ದಾಳೆ’. ಸಮೀಕ್ಷೆಯವರೂ ಅಷ್ಟೇ. ಕೆಲಸ ಬೇಕು ಎಂದು ಹುಡುಕುತ್ತಿದ್ದರೆ ಅಥವಾ ಸಿಕ್ಕರೆ ಮಾಡಲು ತಯಾರಿದ್ದರೆ ಮಾತ್ರ ನಿರುದ್ಯೋಗಿ ಅಂತ ಬರೆದುಕೊಳ್ಳುತ್ತಾರೆ. ಹುಡುಕಿ ಸುಸ್ತಾಗಿ ‘ಸಾಕಪ್ಪಾ’ ಅಂತ ಕೈಬಿಟ್ಟವಳು ಆ ಲೆಕ್ಕದಲ್ಲೇ ಇಲ್ಲ! 2020ರ ಲಾಕ್‌ಡೌನ್ ನೆನಪಿದೆಯಲ್ಲ? ಆ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದೇ ಗಾರ್ಮೆಂಟ್ಸ್ ಕಾರ್ಖಾನೆ ಬಾಗಿಲು ಹಾಕಿ ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಂದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಶಾಲೆಗಳು ಮುಚ್ಚಿದ್ದರಿಂದ ಖಾಸಗಿ ಶಾಲೆಯ ಎಷ್ಟೋ ಟೀಚರುಗಳ ಸಂಬಳ ನಿಂತಿತು. 2021ರಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಯ ಶಿಕ್ಷಕರಿಗೆ ತಲಾ 5,000 ರೂಪಾಯಿ ಪರಿಹಾರ ಕೊಟ್ಟಿದ್ದನ್ನು ನೀವೂ ಓದಿರುತ್ತೀರಿ. 2022ರ ಕೊನೆಯಿಂದ ಐಟಿ ಕಂಪನಿಗಳ ಸರದಿ. ಹೀಗೆ ಮನೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಮತ್ತೆ ಹೊರಗೆ ಹೊರಟಿದ್ದಾರೆ.

ಆಂಟಿ ಅಂದರೆ ಅನ್ನಲಿ ಬಿಡಿ

ಮೊದಲ ದಿನ ಆಫೀಸಿಗೆ ಹೋದಿರಿ ಅನ್ನಿ. ನಿಮಗೆ ಕೆಲಸ ಹೇಳುವವನು ನಿಮ್ಮ ಕೊನೆಯ ತಮ್ಮನಿಗಿಂತ ಚಿಕ್ಕವನು. ‘ಶೀಟ್ ಶೇರ್ ಮಾಡಿದೀನಿ, ಅಪ್‌ಡೇಟ್ ಮಾಡಿ’ ಅನ್ನುತ್ತಾನೆ. ಯಾವ ಶೀಟು, ಎಲ್ಲಿ ಶೇರು? ನೀವು ಬಿಟ್ಟಾಗ ಲೆಡ್ಜರ್ ಪುಸ್ತಕವೋ ಹಳೇ ಟ್ಯಾಲಿಯೋ ಇತ್ತು. ಪಕ್ಕದ ಸೀಟಿನ ಹುಡುಗಿ ‘ಆಂಟಿ’ ಅಂದುಬಿಟ್ಟರಂತೂ ಮುಗಿಯಿತು, ಕಣ್ಣಲ್ಲಿ ನೀರು!

ನಮ್ಮ ಬಡಾವಣೆಯ ಒಬ್ಬರು ಹೀಗೇ ನಾಲ್ಕು ವರ್ಷದ ನಂತರ ಅಕೌಂಟ್ಸ್ ಕೆಲಸಕ್ಕೆ ಸೇರಿದರು. ಗೊತ್ತಿಲ್ಲ ಅಂದರೆ ಕಳಿಸಿಬಿಡುತ್ತಾರೇನೋ ಎನ್ನುವ ಭಯಕ್ಕೆ ಎಲ್ಲದಕ್ಕೂ ತಲೆಯಾಡಿಸಿ, ರಾತ್ರಿ ಮಗನನ್ನು ಕೂರಿಸಿಕೊಂಡು ಕಲಿಯುತ್ತಿದ್ದರು. ಹದಿನೈದು ದಿನಕ್ಕೆ ಸುಸ್ತಾದರು. ಆಮೇಲೆ ಗಟ್ಟಿ ಮನಸ್ಸು ಮಾಡಿ ಆ ಹುಡುಗನನ್ನೇ ‘ಸರ್, ಇದೊಂದು ಸಲ ತೋರಿಸಿಕೊಡಿ, ಬರ್ಕೋತೀನಿ’ ಅಂದರಂತೆ. ಅವನು ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟ. ಈಗ ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಅವನೇ ಇವರ ಹತ್ತಿರ ಬರುತ್ತಾನೆ. ಕೀಲಿ ಒತ್ತುವುದು ಅವನಿಗೆ ಗೊತ್ತು, ತಪ್ಪು ಎಲ್ಲಿ ಅಡಗಿರುತ್ತದೆ ಅಂತ ಇವರಿಗೆ ಗೊತ್ತು.

ನೀವೂ ಕೇಳಿ. ಮೊದಲ ತಿಂಗಳು ಕೇಳಿದರೆ ‘ಹೊಸಬರು’ ಅನ್ನುತ್ತಾರೆ, ಆರನೇ ತಿಂಗಳು ಕೇಳಿದರೆ ‘ಇನ್ನೂ ಗೊತ್ತಿಲ್ವಾ’ ಅನ್ನುತ್ತಾರೆ. ಚಿಕ್ಕದೊಂದು ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಂಡರೆ ಎರಡನೇ ಸಲ ಕೇಳುವ ಪ್ರಮೇಯ ಬರುವುದಿಲ್ಲ. ನಡುವೆ ಏನು ಮಾಡುತ್ತಿದ್ದಿರಿ ಅಂತ ಕೇಳಿದರೆ ಕಥೆ ಕಟ್ಟಬೇಡಿ. ‘ಕಂಪನಿ ಮುಚ್ಚಿತು’, ‘ಮಾವನವರಿಗೆ ಹುಷಾರಿರಲಿಲ್ಲ’ ಅಂತ ಒಂದೇ ಸಾಲಿನಲ್ಲಿ ಹೇಳಿ ಮುಂದಿನ ಮಾತಿಗೆ ಹೋಗಿ. ಕೆಲಸ ಹೋಗಿದ್ದೇನು ಕಳ್ಳತನ ಅಲ್ಲವಲ್ಲ!

ಇಲ್ಲೊಂದು ಮಾತು ಹೇಳಲೇಬೇಕು. ನಡುವೆ ಬಿಟ್ಟವರನ್ನು ಮತ್ತೆ ಕರೆದುಕೊಳ್ಳುವ ಯೋಜನೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ಟಾಟಾ ಸಮೂಹ 2008ರಲ್ಲೇ ‘ಸೆಕೆಂಡ್ ಕೆರಿಯರ್ ಇಂಟರ್ನ್‌ಶಿಪ್’ ಅಂತ ಶುರು ಮಾಡಿತು, ಆಮೇಲೆ ಐಟಿ ಕಂಪನಿಗಳೂ ಅದೇ ದಾರಿ ಹಿಡಿದವು. ಆದರೆ ಇವೆಲ್ಲ ಎಂಬಿಎ, ಇಂಜಿನಿಯರಿಂಗ್ ಓದಿದವರಿಗೆ. ಹೊಲಿಗೆ ಯಂತ್ರದ ಮುಂದೆ ಕೂರುವವಳಿಗೆ, ಬಟ್ಟೆ ಅಂಗಡಿಯ ಸೇಲ್ಸ್‌ಗರ್ಲ್‌ಗೆ, ನರ್ಸರಿ ಟೀಚರಿಗೆ ಅಂಥ ಮೆಟ್ಟಿಲು ಯಾರೂ ಹಾಕಿಕೊಟ್ಟಿಲ್ಲ. ಅವಳಿಗೆ ಮೊದಲ ದಿನದಿಂದಲೇ ಪೂರ್ತಿ ಟಾರ್ಗೆಟ್ಟು.

ಮನೆ ಬದಲಾಗಲಿಲ್ಲವಲ್ಲ!

ಆಫೀಸಿನದು ಹೇಗೋ ಕಲಿತುಬಿಡುತ್ತೀರಿ. ನಿಜವಾದ ಪಜೀತಿ ಮನೆಯಲ್ಲಿ.

ಎರಡು ವರ್ಷ ನೀವು ಮನೆಯಲ್ಲಿದ್ದಿರಲ್ಲ, ಅಷ್ಟರಲ್ಲಿ ಮನೆಗೆ ಅದೇ ರೂಢಿಯಾಗಿದೆ. ಬಿಸಿ ಬಿಸಿ ದೋಸೆ ಒಂದೊಂದಾಗಿ ತಟ್ಟೆಗೆ ಬೀಳಬೇಕು. ಗ್ಯಾಸಿನವನು, ಕೊರಿಯರಿನವನು, ಕರೆಂಟು ಬಿಲ್ಲು, ಅತ್ತೆಯವರ ಮಾತ್ರೆ, ಮಕ್ಕಳ ಪ್ರಾಜೆಕ್ಟು ಎಲ್ಲಕ್ಕೂ ನೀವೇ. ಈಗ ನೀವು ಬೆಳಿಗ್ಗೆ ಎಂಟಕ್ಕೆ ಹೊರಟರೆ ಈ ಕೆಲಸಗಳೇನು ನಿಮ್ಮ ಜತೆ ಬಸ್ಸು ಹತ್ತುವುದಿಲ್ಲ, ಅಲ್ಲೇ ಕಾಯುತ್ತಿರುತ್ತವೆ. 2024ರ ಸಮಯ ಬಳಕೆ ಸಮೀಕ್ಷೆಯನ್ನು ನೋಡಿ: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ ಮಾತ್ರ, ಮಾಡದವರು ಬೇರೆ ಇದ್ದಾರೆ! 289 ನಿಮಿಷ ಅಂದರೆ ಐದು ಗಂಟೆಗೆ ಹನ್ನೊಂದೇ ನಿಮಿಷ ಕಮ್ಮಿ. ಎಂಟು ಗಂಟೆ ಆಫೀಸು, ಎರಡು ಗಂಟೆ ಬಸ್ಸು, ಅದರ ಮೇಲೆ ಇದು. ನಿದ್ದೆಗೆ ಎಷ್ಟು ಉಳಿಯಿತು?

ನಾವು ಹೆಂಗಸರು ಇಲ್ಲಿ ಏನು ಮಾಡುತ್ತೇವೆ ಗೊತ್ತಾ? ‘ಕೆಲಸಕ್ಕೆ ಹೋಗ್ತೀನಿ ಅಂತ ಮನೆಗೆ ಏನೂ ಕಮ್ಮಿ ಮಾಡಿಲ್ಲ’ ಅಂತ ತೋರಿಸಲು ಹೊರಡುತ್ತೇವೆ. ನಾಲ್ಕೂವರೆಗೆ ಎದ್ದು ಎರಡು ಥರದ ಪಲ್ಯ ಮಾಡಿಡುತ್ತೇವೆ. ಅಪ್ಪಿತಪ್ಪಿಯೂ ಹಾಗೆ ಮಾಡಬೇಡಿ. ಮೊದಲ ವಾರ ಮಾಡಿದ್ದೇ ಕಾಯಂ ಪದ್ಧತಿಯಾಗುತ್ತದೆ. ಕೆಲಸಕ್ಕೆ ಸೇರುವ ಮೊದಲೇ ಮನೆಯವರನ್ನೆಲ್ಲ ಕೂರಿಸಿಕೊಂಡು, ಯಾವ ಕೆಲಸ ಯಾರದು ಅಂತ ಮಾತಾಡಿಬಿಡಿ. ‘ಸ್ವಲ್ಪ ಹೆಲ್ಪ್ ಮಾಡಿ’ ಅಂದರೆ ಯಾರೂ ಮಾಡುವುದಿಲ್ಲ. ‘ಬೆಳಗಿನ ಕಾಫಿ ಮತ್ತು ಮಕ್ಕಳ ಸ್ಕೂಲ್ ಬ್ಯಾಗು ನಿಮ್ಮದು’ ಅಂದರೆ ಮಾಡುತ್ತಾರೆ. ಯಜಮಾನರು ಮಾಡಿದ ಉಪ್ಪಿಟ್ಟು ಗಂಟು ಗಂಟಾಗಿದ್ದರೆ ತೆಪ್ಪಗೆ ತಿನ್ನಿ. ‘ಬಿಡಿ, ನಾನೇ ಮಾಡ್ತೀನಿ’ ಅಂದಿರೋ, ಅಲ್ಲಿಗೆ ಕಥೆ ಮುಗಿಯಿತು. ಅತ್ತೆಯವರಿಗೆ ಬೇಜಾರಾಗಿದ್ದರೆ ಅದರಲ್ಲೂ ಒಂದು ನ್ಯಾಯ ಇದೆ ಅನ್ನಿ. ಎರಡು ವರ್ಷ ಹಗಲೆಲ್ಲ ಮಾತಿಗೆ ಒಂದು ಜನ ಇತ್ತು, ಈಗ ಗೋಡೆ ನೋಡಿಕೊಂಡು ಕೂರಬೇಕು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ಫೋನ್ ಮಾಡಿ ‘ಊಟ ಆಯ್ತಾ ಅತ್ತೆ’ ಅಂದರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಪುಟ್ಟ ಮಗು ಇದ್ದರೆ ಒಂದು ವಿಷಯ ತಿಳಿದಿರಲಿ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 26 ವಾರ ರಜೆ ಕೊಟ್ಟಿದ್ದು ಎಲ್ಲರಿಗೂ ಗೊತ್ತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು ಎಂದೂ ಅದರಲ್ಲಿದೆ. ಇದು ಅಷ್ಟಾಗಿ ಗೊತ್ತಿಲ್ಲ. ಸೇರುವ ಮೊದಲು ‘ಕ್ರೆಶ್ ಇದೆಯಾ?’ ಅಂತ ಕೇಳಲು ಸಂಕೋಚ ಬೇಡ. ಕಾನೂನು ಇದ್ದ ಕಡೆಯೆಲ್ಲ ಕ್ರೆಶ್ ಇರುತ್ತದೆ ಅಂತ ಮಾತ್ರ ನಾನು ಹೇಳಲಾರೆ.

ಕೆಲಸ ಹೋಗಿ ಮತ್ತೆ ಸಿಕ್ಕಿದ್ದು ಯಜಮಾನರಿಗಾದರೆ? ಆಗಲೂ ಮನೆಯವಳಿಗೆ ಒಂದು ಹೊಂದಾಣಿಕೆ ಇದ್ದೇ ಇರುತ್ತದೆ. ಮನೆಯಲ್ಲಿದ್ದ ಆರು ತಿಂಗಳು ಅವರು ಮಕ್ಕಳನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಅಡುಗೆಮನೆಗೂ ಬಂದಿದ್ದರು. ಸಂಬಳ ಶುರುವಾದ ದಿನವೇ ಅದೆಲ್ಲ ನಿಂತುಹೋಗುವುದನ್ನು ಬಹಳ ಕಡೆ ಕಂಡಿದ್ದೇನೆ. ಹೊಸ ಕಡೆ ಸಂಬಳ ಕಮ್ಮಿಯಾಗಿದ್ದರೆ ಸಿಡಿಮಿಡಿಯೂ ಜಾಸ್ತಿ. ಮೊದಲ ತಿಂಗಳು ಅವರ ಮುಖ ನೋಡಿ ಮಾತಾಡಿ, ಸರಿ. ಆದರೆ ಶಾಲೆಗೆ ಬಿಡುವ ಕೆಲಸ ಅವರ ಹತ್ತಿರವೇ ಇರಲಿ. ಮಕ್ಕಳಿಗೂ ಅಪ್ಪನ ಜತೆ ಹೋಗುವುದು ಅಭ್ಯಾಸವಾಗಿದೆ.

ದುಡ್ಡಿನ ಮಾತು

ತಿಂಗಳ ಇಪ್ಪತ್ತನೇ ತಾರೀಖಿನ ನಂತರ ಸೇರಿದರೆ ಆ ಹತ್ತು ದಿನದ ಸಂಬಳ ಮುಂದಿನ ತಿಂಗಳಿನ ಜತೆ ಬರುವುದೇ ಹೆಚ್ಚು. ಅಂದರೆ ಕೆಲಸ ಸಿಕ್ಕ ಮೇಲೂ ಹತ್ತಿರ ಹತ್ತಿರ ನಲವತ್ತು ದಿನ ಕೈ ಖಾಲಿ, ಖರ್ಚು ಮಾತ್ರ ಮೊದಲ ದಿನದಿಂದಲೇ. ಚಪ್ಪಲಿ, ಎರಡು ಚೂಡಿದಾರ, ಡಬ್ಬಿ, ಆಟೊ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ಇಲ್ಲದಂತಾಗಿದ್ದು ಇಂಥ ಹೊತ್ತಿಗೆ ದೊಡ್ಡ ಆಸರೆ. ‘ಪುಕ್ಕಟೆ’ ಅಂತ ಆಡಿಕೊಳ್ಳುವವರು, ಮೊದಲ ಸಂಬಳಕ್ಕೆ ಕಾಯುತ್ತಿರುವವಳ ಪರ್ಸನ್ನು ಒಮ್ಮೆ ತೆಗೆದು ನೋಡಬೇಕು.

ಕೆಲಸ ಸಿಕ್ಕ ಸುದ್ದಿ ನಿಮ್ಮ ಸಂಬಳಕ್ಕಿಂತ ಮೊದಲು ಸಾಲ ಕೊಟ್ಟವರಿಗೆ ತಲುಪಿರುತ್ತದೆ. ಕೈಸಾಲ, ಸಂಘದ ಕಂತು, ಚೀಟಿ, ಅಡವಿಟ್ಟ ಬಳೆ... ಎಲ್ಲರಿಗೂ ಒಂದೇ ತಿಂಗಳಲ್ಲಿ ಕೊಡುತ್ತೇನೆ ಅಂತ ಮಾತು ಕೊಡಬೇಡಿ. ಅಡವಿಟ್ಟ ಒಡವೆಯ ಬಡ್ಡಿ ಕಟ್ಟಿ ಹರಾಜಿಗೆ ಹೋಗದಂತೆ ನೋಡಿಕೊಳ್ಳಿ, ಆಮೇಲೆ ಹೆಚ್ಚು ಬಡ್ಡಿಯದನ್ನು ತೀರಿಸಿ. ಬಡ್ಡಿಯಿಲ್ಲದೆ ಕೊಟ್ಟ ಅಕ್ಕನೋ ಅಣ್ಣನೋ ಇದ್ದರೆ ಅವರಿಗೆ ನೀವೇ ಮೊದಲು ಫೋನ್ ಮಾಡಿ, ಯಾವಾಗ ಕೊಡುತ್ತೀರಿ ಅಂತ ಹೇಳಿ. ಕಾಯಿಸುವುದಕ್ಕಿಂತ ಹೇಳದೇ ಇರುವುದೇ ಅವರಿಗೆ ನೋವು.

ಇನ್ನು ಭವಿಷ್ಯನಿಧಿ, ಅದೇ ಪಿಎಫ್. ಇದನ್ನು ಹಗುರವಾಗಿ ತಗೋಬೇಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗೆ ಇಳಿದಿದ್ದು ಇದೇ ಪಿಎಫ್‌ಗಾಗಿ. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವ ಹಾಗಿಲ್ಲ ಅಂತ ಆ ಫೆಬ್ರುವರಿಯಲ್ಲಿ ನಿಯಮ ಬಂದಿತ್ತು. ಎರಡೇ ದಿನದ ಪ್ರತಿಭಟನೆಗೆ ಕೇಂದ್ರ ಅದನ್ನು ವಾಪಸ್ ತಗೊಂಡಿತು. ದೆಹಲಿಯವರ ಕಣ್ಣಿಗೆ ಅದು ಮುಪ್ಪಿನ ಉಳಿತಾಯ. ಆದರೆ ಈ ಹೆಣ್ಣುಮಕ್ಕಳಿಗೆ ಅದು ಕೆಲಸ ಹೋದಾಗ ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು. ನಿರುದ್ಯೋಗ ಭತ್ಯೆ ಸರಿಯಾಗಿ ಇಲ್ಲದ ದೇಶದಲ್ಲಿ ಅವರು ಕೇಳಿದ್ದರಲ್ಲಿ ತಪ್ಪೇನಿತ್ತು?

ಹೊಸ ಕೆಲಸಕ್ಕೆ ಸೇರುವಾಗ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ, ಹೊಸದು ಮಾಡಿಸಬೇಡಿ. ಹನ್ನೆರಡು ಅಂಕಿಯ ಈ ಸಂಖ್ಯೆ 2014ರಿಂದ ಇದೆ, ಎಷ್ಟು ಕಂಪನಿ ಬದಲಾಯಿಸಿದರೂ ಒಂದೇ. ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಮೊದಲ ಕಡೆ ಆರು, ಇಲ್ಲಿ ನಾಲ್ಕು ಸೇರಿದರೆ ಹತ್ತಾಗುತ್ತದೆ, ನಡುವೆ ಮನೆಯಲ್ಲಿದ್ದ ಮಾತ್ರಕ್ಕೆ ಹಳೆಯ ಆರು ವರ್ಷ ಅಳಿಸಿಹೋಗುವುದಿಲ್ಲ. ಆದರೆ ಕೆಲಸ ಬಿಟ್ಟಾಗ ಪಿಂಚಣಿಯ ಭಾಗವನ್ನೂ ತೆಗೆದುಕೊಂಡಿದ್ದರೆ ಆ ವರ್ಷಗಳು ಲೆಕ್ಕಕ್ಕಿಲ್ಲ.

ನೇಮಕಾತಿ ಪತ್ರವನ್ನೂ ಕೇಳಿ ಪಡೆಯಿರಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಕೆಲಸಗಾರರಿಗೆಲ್ಲ ಅದನ್ನು ಕೊಡಲೇಬೇಕು. ‘ನಿಮಗೆ ಗ್ಯಾಪ್ ಇತ್ತಲ್ಲ, ಮೂರು ತಿಂಗಳು ನೋಡಿ ಕೊಡ್ತೀವಿ’ ಅಂದರೆ ನಗುನಗುತ್ತಲೇ ‘ಈಗಲೇ ಕೊಟ್ಟುಬಿಡಿ ಸರ್, ಬ್ಯಾಂಕಿಗೆ ಬೇಕಿತ್ತು’ ಅನ್ನಿ. ಸಂಬಳ ಎಷ್ಟು, ಪ್ರೊಬೇಷನ್ ಎಷ್ಟು ತಿಂಗಳು ಎಂಬುದು ಅದರಲ್ಲಿದೆಯೇ ನೋಡಿಕೊಳ್ಳಿ. ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರೆ ಮೂರನೇ ತಿಂಗಳಲ್ಲಿ ಒಮ್ಮೆ ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು ಹಣ ಜಮೆಯಾಗಿದೆಯೇ ಪರೀಕ್ಷಿಸಿ. ಆಗಿಲ್ಲದಿದ್ದರೆ ಮೊದಲು ಆಫೀಸಿನಲ್ಲಿ ಕೇಳಿ. ಹಾರಿಕೆಯ ಉತ್ತರ ಬಂದರೆ ಸಂಬಳದ ಚೀಟಿಯ ಪ್ರತಿ ಇಟ್ಟುಕೊಂಡು ಭವಿಷ್ಯನಿಧಿ ಕಚೇರಿಗೆ ದೂರು ಕೊಡಿ. ಅದನ್ನು ಆನ್‌ಲೈನಿನಲ್ಲೂ ಕೊಡಬಹುದು, ರಜೆ ಹಾಕಿ ಹೋಗಬೇಕಿಲ್ಲ.